ಗೆರೆ ಮೇಸ್ತ್ರಿಯ ಒಂದು ಸುತ್ತು

ಕಾರು ದುರಸ್ತಿಯ ಆ ಶೆಡ್ಡಿನಲ್ಲಿ ಅವನಿಗೆ ಗೆರೆ ಮೇಸ್ತ್ರಿ ಎಂದೇ ಹೆಸರು. ಹಳೆಯ ಕಾರುಗಳ ಹೊಟ್ಟೆಯ ಕೆಳಗೇ ಮೂವತ್ತು ವರ್ಷ ಬದುಕಿದವನು. ಬೇರೆ ಕಸುಬು ಗೊತ್ತಿಲ್ಲ. ಚಕ್ರಗಳನ್ನು ಹಿಡಿದಿಡುವ ಸಸ್ಪೆನ್ಷನ್ನಿನ ಕೀಲುಗಳಿಗೆ ಹೊಸ ರಬ್ಬರ್ ಬುಷ್ ಕೂರಿಸಿದರೆ ನಟ್ಟುಗಳನ್ನು ಮೊದಲು ಕೈಯಲ್ಲಷ್ಟೇ ಬಿಗಿಯುತ್ತಿದ್ದ. ಜಾಕ್ ಇಳಿಸಿ, ಚಕ್ರಗಳು ನೆಲಕ್ಕೂರಿ, ಕಾರು ತನ್ನ ಭಾರವನ್ನು ತಾನೇ ಹೊತ್ತ ಮೇಲೆ ಕಾರಿನಡಿಯ ಗುಂಡಿಗಿಳಿದು ಕೊನೆಯ ಬಿಗಿ ಕೊಡುತ್ತಿದ್ದ. ಜಾಕಿನ ಮೇಲೆ ಚಕ್ರಗಳು ತೂಗಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಬಿಗಿದಾದ ಮೇಲೆ ನಟ್ಟಿನಿಂದ ಪಕ್ಕದ ಕಬ್ಬಿಣದವರೆಗೆ ಜೇಬಿನ ಪುಟ್ಟ ಡಬ್ಬಿಯಿಂದ ಬಿಳಿ ಬಣ್ಣದ ಒಂದು ಗೆರೆ. ನಟ್ಟು ಸಡಿಲಾದರೆ ಗೆರೆ ಮುರಿದು ಕಾಣುತ್ತದೆ.

ಈ ವಿದ್ಯೆಯನ್ನೆಲ್ಲ ಹೆಂಡತಿಯ ತಮ್ಮನಿಗೂ ಕಲಿಸಿದ್ದ. ಈಗ ಶೆಡ್ಡು ಆ ಭಾಮೈದನದು. ಆದರೂ ಗಿರಾಕಿಗಳು ಬಂದೊಡನೆ "ಮೇಸ್ತ್ರಿ ಎಲ್ಲಿ?" ಎನ್ನುತ್ತಿದ್ದರು, ಮಾಲೀಕನನ್ನು ಯಾರೂ ಮೂಸುತ್ತಿರಲಿಲ್ಲ. ಭಾವ ಅವನಿಗೆ ಕಣ್ಣಲ್ಲಿನ ಕಸವಾಗಿದ್ದ. ಕಾರಣವಿಲ್ಲದೆ ಕೆಳಗಿಳಿಸಿದರೆ ಅಕ್ಕ ಸುಮ್ಮನಿರುವವಳಲ್ಲ.

ಅಂದು ಅರವತ್ತು ವರ್ಷ ಹಳೆಯ ಕಾರೊಂದರ ಎಂಟೂ ನಟ್ಟಿಗೆ ಗೆರೆ ಎಳೆದು ಮೇಸ್ತ್ರಿ ಊಟಕ್ಕೆ ಹೋಗಿದ್ದ. ಮರಳಿದಾಗ ಗುಂಡಿಯಲ್ಲಿ ಭಾಮೈದ, ಪಕ್ಕದಲ್ಲಿ ಕಾರಿನ ಯಜಮಾನರು.

"ಬನ್ನಿ ಭಾವ, ನಿಮ್ಮ ಕೈಚಳಕ ನೋಡಿ. ಗೆರೆ ಎಳೆದಿದ್ದೀರಿ, ಬಿಗಿಯೋದು ಮರೆತಿದ್ದೀರಿ!"

ಭಾಮೈದ ಒಂದು ನಟ್ಟಿನ ಹಿಂದಿನ ವಾಷರ್ ಬಿಲ್ಲೆಯನ್ನು ಬೆರಳಲ್ಲೇ ಗಿರಗಿರನೆ ತಿರುಗಿಸಿದ. ನಟ್ಟಿನಿಂದ ಕಬ್ಬಿಣಕ್ಕೆ ಗೆರೆ ಮಾತ್ರ ನೆಟ್ಟಗಿತ್ತು.

"ನಾನು ಬಿಗಿದಿದ್ದೆ ಸಾರ್."

"ಬಿಗಿದಿದ್ದು ಸಡಿಲಾಗಿದ್ರೆ ಗೆರೆ ಮುರೀಬೇಕಿತ್ತಲ್ಲ? ನೀವೇ ಹೇಳಿಕೊಟ್ಟಿದ್ದು!"

ಯಜಮಾನರ ಮುಖ ಕೆಂಪಾಯಿತು. "ಇದರಲ್ಲಿ ಮೊಮ್ಮಕ್ಕಳನ್ನ ಕೂರಿಸ್ತೀನಿ ಕಣಯ್ಯಾ. ಇವನ ಕೈ ಇನ್ನು ನನ್ನ ಕಾರಿಗೆ ತಾಗಬಾರದು."

ಇಬ್ಬರೂ ಮೇಲೆ ಹತ್ತಿದರು. ಮೇಸ್ತ್ರಿ ಇಳಿದು ಆ ನಟ್ಟಿಗೆ ಸ್ಪ್ಯಾನರ್ ಹಾಕಿದ. ಸರಿಯಾಗಿ ಒಂದೇ ಸುತ್ತು. ನಟ್ಟು ಕಚ್ಚಿ ನಿಂತಿತು. ಗೆರೆಗೆ ಗೆರೆ ಕೂಡಿತು. ಪೂರ್ತಿ ಒಂದು ಸುತ್ತು ಬಿಚ್ಚಿದರೆ ಗೆರೆ ಮುರಿದಂತೆ ಕಾಣುವುದಿಲ್ಲ, ಬರೀ ಗೆರೆಯನ್ನು ನಂಬಬೇಡ ಎಂದು ಅವನು ಈ ಜನ್ಮದಲ್ಲಿ ಒಬ್ಬನಿಗೆ ಮಾತ್ರ ಹೇಳಿಕೊಟ್ಟಿದ್ದ.

"ಯಾರೋ ಒಂದು ಸುತ್ತು ಬಿಚ್ಚಿದ್ದಾರೆ ಸಾರ್..." ಎಂದು ತಲೆಯೆತ್ತಿದ. ಯಜಮಾನರು ಆಗಲೇ ಬಾಗಿಲು ದಾಟಿದ್ದರು.

ಭಾಮೈದ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದ.

"ಪಾಠ ಚೆನ್ನಾಗಿ ಕಲಿತಿದ್ದೀನಿ, ಅಲ್ವಾ ಭಾವ? ಕೊಡಿ ಇತ್ತ. ನಾಳೆಯಿಂದ ಕಾರು ತೊಳೀರಿ, ಸಾಕು. ನಿಮಗೆ ಮರೆವು ಶುರುವಾಗಿದೆ ಅಂತ ಅಕ್ಕನಿಗೆ ನಾನೇ ಹೇಳ್ತೀನಿ."

ಮೇಸ್ತ್ರಿ ಸ್ಪ್ಯಾನರ್ ಕೊಟ್ಟ. ಚಾಚಿದ ಕೈ ಹಾಗೇ ಇತ್ತು.

"ಬಣ್ಣದ ಡಬ್ಬಿನೂ."