ಎಡಗಡೆ ಕಟ್ಟಿಕೊಂಡು ನಡೆದವರು

ಶಸ್ತ್ರಾಗಾರದ ಕೆಲಸವೆಂದರೆ ಬಂದೂಕಿಗೆ ಎಣ್ಣೆ ಹಾಕಿ ಒರೆಸಿಡುವುದು ಎಂದು ತಿಳಿದವರು ನಮ್ಮ ಪೊಲೀಸ್ ಇಲಾಖೆಯೊಳಗೇ ಬೇಕಾದಷ್ಟು ಮಂದಿ ಇದ್ದಾರೆ. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಮುಖ್ಯ ಶಸ್ತ್ರ ದುರಸ್ತಿಗಾರರು, ಆಯುಧವನ್ನು ಅರಿಯಬೇಕಾದರೆ ಅದನ್ನು ಹೊತ್ತು ತಿರುಗುವ ಮನುಷ್ಯನನ್ನು ಮೊದಲು ಅರಿಯಬೇಕೆಂದು ನಮಗೆಲ್ಲ ಕಲಿಸಿದವರು. ಪಿಸ್ತೂಲನ್ನು ಕಿವಿಯ ಹತ್ತಿರ ಹಿಡಿದು, ಸ್ಪ್ರಿಂಗ್ ಎಳೆದು ಬಿಟ್ಟು, ಕಣ್ಣು ಮುಚ್ಚಿ ಆಲಿಸುವುದು ಅವರ ಪದ್ಧತಿಯಾದ್ದರಿಂದ ಇಡೀ ಇಲಾಖೆ ಅವರನ್ನು ‘ಕಿವಿಯಣ್ಣ’ ಎನ್ನುತ್ತದೆ. ಎದುರಿಗೆ ಹಾಗೆ ಕರೆಯುವ ಧೈರ್ಯ ಮಾತ್ರ ಯಾರಿಗೂ ಇಲ್ಲ.

ನಾನು ಅವರ ಶಿಷ್ಯೆಯಾದದ್ದು ತರಬೇತಿಯ ಮೊದಲ ವಾರದಲ್ಲಿ. ಪಿಸ್ತೂಲಿನ ಹಿಡಿಯೊಳಗೆ ಗುಂಡು ತುಂಬಿದ ಮ್ಯಾಗಜಿನ್ ಕೂರುತ್ತದೆ. ಹಿಡಿಯ ಎಡಪಕ್ಕದ ಪುಟ್ಟ ಬಟನ್ ಒತ್ತಿದರೆ ಅದು ಕಳಚಿಕೊಳ್ಳುತ್ತದೆ. ಸೊಂಟದಲ್ಲಿರುವಾಗಲೇ ಬಟನ್ ಎಲ್ಲೋ ತಗುಲಿ ಮ್ಯಾಗಜಿನ್ ಬಿದ್ದುಹೋದರೆ, ನಮ್ಮವರಿಗೆ ಅದು ನಾಲ್ಕು ಜನರೆದುರು ಪ್ಯಾಂಟು ಜಾರಿದಷ್ಟೇ ನಾಚಿಕೆ. ಎತ್ತಿ, ಸಿಕ್ಕಿಸಿಕೊಂಡು, ತುಟಿ ಪಿಟಕ್ಕೆನ್ನದೆ ಹೋಗುವವರೇ ಎಲ್ಲ. ಕಿವಿಯಣ್ಣನವರ ಮುಂದೆ ಬಂದು ಒಪ್ಪಿಕೊಂಡವರಿಗೆ ಮಾತ್ರ ಮೊದಲು ಟೀ, ಆಮೇಲೆ ಒಂದೇ ಪ್ರಶ್ನೆ: “ಎಲ್ಲಿ ಕೂತಿದ್ದೆ, ಎಲ್ಲಿ ಬಗ್ಗಿದೆ?” ‘ಏನು ಮಾಡ್ದೆ’ ಎಂದು ಅವರು ಯಾರನ್ನಾದರೂ ಕೇಳಿದ್ದನ್ನು ನಾನು ಕಾಣೆ. ಅಂಥ ಪಿಸ್ತೂಲನ್ನು ಬಿಚ್ಚುವ ಮೊದಲು, ಸಿಡಿಯದ ಗುಂಡು ತುಂಬಿಕೊಂಡು ತಾವೇ ಒಂದಿಡೀ ದಿನ ಸೊಂಟಕ್ಕೆ ಕಟ್ಟಿ ತಿರುಗುತ್ತಿದ್ದರು. ಜೀಪಿನ ಸೀಟ್ ಬೆಲ್ಟ್ ತಗುಲಿ ಮ್ಯಾಗಜಿನ್ ಕಳೆದುಕೊಂಡ ಚಾಲಕನೊಬ್ಬನನ್ನು ಅಮಾನತಿನಿಂದ ಪಾರುಮಾಡಿದ್ದು ಹಾಗೆಯೇ, ಅದೇ ಜೀಪಿನಲ್ಲಿ ಎಂಟು ಗಂಟೆ ಕೂತು.

ಇನ್ನು ಹೇಳಬೇಕಾದದ್ದು ನನ್ನ ಮನೆಯ ಮಾತು. ನಾನು ಇಲಾಖೆ ಸೇರುವ ಮೂರು ವರ್ಷ ಮೊದಲು, ಪೊಲೀಸನೇ ಆಗಿದ್ದ ನನ್ನ ಅಣ್ಣ ಸಾಕ್ಷಿದಾರನೊಬ್ಬನನ್ನು ನ್ಯಾಯಾಲಯದ ಹಿಂದಿನ ಮೆಟ್ಟಿಲಿನಿಂದ ಇಳಿಸಿಕೊಂಡು ಹೋಗುವಾಗ, ಬಾಗಿಲ ಹೊರಗೆ ಗುಂಡೇಟಿಗೆ ಸತ್ತ. ಸಾಕ್ಷಿದಾರ ಬದುಕಿದ, ಆದರೆ ಹೆದರಿಕೆಯಿಂದ ಕಣ್ಣು ಮುಚ್ಚಿಕೊಂಡಿದ್ದವನು ಏನನ್ನೂ ನೋಡಿರಲಿಲ್ಲ. ಅಣ್ಣನ ಕೈಯಲ್ಲಿದ್ದ ಪಿಸ್ತೂಲು ಖಾಲಿಯಾಗಿತ್ತು, ತುಂಬಿದ ಮ್ಯಾಗಜಿನ್ ಬಾಗಿಲ ಬಳಿ ಬಿದ್ದಿತ್ತು. ಗುಂಡನ್ನು ನಳಿಗೆಗೆ ಏರಿಸದೆ ಒಯ್ಯಬೇಕೆಂಬುದು ನಮ್ಮಲ್ಲಿನ ನಿಯಮ. ಮ್ಯಾಗಜಿನ್ ಇಲ್ಲದ ಪಿಸ್ತೂಲು ಬರೀ ಕಬ್ಬಿಣದ ತುಂಡು. ಶಸ್ತ್ರಾಗಾರದ ವರದಿ ಬಂತು: ‘ಬಟನ್ ಬಿಗಿಯಾಗಿದೆ. ಕೈಯಾರೆ ಒತ್ತದೆ ಮ್ಯಾಗಜಿನ್ ಕಳಚಿಕೊಳ್ಳದು.’ ಆ ಒಂದು ಸಾಲಿನ ಮೇಲೆ ವಿಚಾರಣೆ ಮುಗಿಯಿತು. ಪ್ರಾಣ ಉಳಿಸಿಕೊಳ್ಳಲು ಪಿಸ್ತೂಲು ಖಾಲಿ ಮಾಡಿ ಶರಣಾಗಲು ಹೋದವನು ಎಂಬ ಹೆಸರು ಅವನಿಗೆ ಉಳಿಯಿತು. ಅಮ್ಮ ಅವನ ಫೋಟೋವನ್ನು ಗೋಡೆಯಿಂದ ಇಳಿಸಿ ಪೆಟ್ಟಿಗೆಯೊಳಗಿಟ್ಟಳು. ವರದಿಯ ಕೆಳಗಿದ್ದ ಸಹಿ ಕಿವಿಯಣ್ಣನವರದು.

ಪ್ರಕರಣ ಮುಗಿದ ಮೇಲೆ ಆಯುಧಗಳು ಮತ್ತೆ ಬಳಕೆಗೆ ಬರುತ್ತವೆ. ಕಳೆದ ವರ್ಷ ನನ್ನನ್ನು ಅದೇ ನ್ಯಾಯಾಲಯದ ಬಂದೋಬಸ್ತಿಗೆ ಹಾಕಿದಾಗ ನನ್ನ ಕೈಗೆ ಬಂದದ್ದು ಅಣ್ಣನದೇ ಪಿಸ್ತೂಲು. ನಂಬರು ನೋಡಿ ಗುರುತಿಸಿದೆ, ಬೇಡವೆನ್ನದೆ ಸೊಂಟಕ್ಕೆ ಕಟ್ಟಿಕೊಂಡೆ. ಮೊದಲ ಸೋಮವಾರ ಮಧ್ಯಾಹ್ನ ಹಿಂದಿನ ಮೆಟ್ಟಿಲಿಳಿದು ಬಾಗಿಲು ದಾಟುತ್ತಿದ್ದೆ. ಬೆನ್ನ ಹಿಂದೆ ಕಲ್ಲಿನ ಮೇಲೆ ಟಕ್ಕೆಂದಿತು. ತಿರುಗಿದರೆ ಯಾರೂ ಇಲ್ಲ. ನನ್ನ ಮ್ಯಾಗಜಿನ್ ಹೊಸ್ತಿಲ ಪಕ್ಕದಲ್ಲಿ ನೆಟ್ಟಗೆ ನಿಂತಿತ್ತು, ಯಾರೋ ಇಟ್ಟು ಹೋದ ಹಾಗೆ. ಗುರುವಾರ ಮತ್ತೆ ಬಿತ್ತು. ಮುಂದಿನ ವಾರವೂ ಬಿತ್ತು, ಅದೇ ಕಲ್ಲಿನ ಮೇಲೆ. ಜೊತೆಯವಳೊಬ್ಬಳು ಅದೇ ಪಿಸ್ತೂಲು ಕಟ್ಟಿಕೊಂಡು ಹತ್ತು ಸಲ ಇಳಿದು ಬಂದಳು, ಏನೂ ಆಗಲಿಲ್ಲ. “ನಿಮ್ಮಣ್ಣ ಇನ್ನೂ ಅದನ್ನ ಬಿಟ್ಟಿಲ್ಲ ಕಣೇ” ಎಂದು ನಗಲು ಹೋದವಳು ಅರ್ಧಕ್ಕೇ ನಿಲ್ಲಿಸಿದಳು.

ಕಿವಿಯಣ್ಣನವರ ಬಳಿ ಹೋದೆ. ಟೀ ಬಂತು. ಅವರು ಪಿಸ್ತೂಲಿನ ನಂಬರು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

“ನಿಂದು ಯಾವ ಕೈಯಮ್ಮ?”

“ಎಡಗೈ ಸರ್.”

“ನಿಮ್ಮಣ್ಣಂದು?”

“ಅವಂದೂ ಎಡಗೈ. ಎತ್ತರಾನೂ ಒಂದೇ.”

ಅವರು ಪಿಸ್ತೂಲನ್ನು ಮೇಜಿನ ಮೇಲಿಟ್ಟರು. “ಅವತ್ತೂ ನಾನು ಇಡೀ ದಿನ ಕಟ್ಕೊಂಡು ತಿರುಗಿದ್ದೆ ಕಣಮ್ಮ” ಎಂದರು. “ಬಲಗಡೆ ಕಟ್ಕೊಂಡಿದ್ದೆ.”

ಬಲಗಡೆ ಕಟ್ಟಿದರೆ ಆ ಬಟನ್ ಮೈ ಕಡೆಗೆ ತಿರುಗಿ ಭದ್ರವಾಗಿರುತ್ತದೆ. ಎಡಗಡೆ ಕಟ್ಟಿದರೆ ಹೊರಮುಖವಾಗಿ ಗೋಡೆ, ಕುರ್ಚಿ, ಕಟಕಟೆ, ಎಲ್ಲಕ್ಕೂ ತೆರೆದುಕೊಂಡಿರುತ್ತದೆ. ಸಾವಿರಾರು ಆಯುಧ ನೋಡಿದ ಕೈ ತನ್ನ ರೂಢಿಯ ಪಕ್ಕಕ್ಕೇ ಹೋಗಿತ್ತು.

ಊಹೆಯನ್ನು ಬರೆದುಕೊಟ್ಟು ಕೈ ತೊಳೆದುಕೊಳ್ಳುವ ಜಾಯಮಾನ ಅವರದಲ್ಲ. ಭಾನುವಾರ ಮನೆಗೆ ಬಂದು ಅಣ್ಣನ ಶೂ ಕೇಳಿದರು. ಅವನಷ್ಟು ಎತ್ತರ ಬರಲು ಒಳಗೆ ಮರದ ತುಂಡು ಸೇರಿಸಿಕೊಂಡರು. ಅವನು ಮೆಟ್ಟಿಲು ಹೇಗೆ ಇಳಿಯುತ್ತಿದ್ದ ಎಂದು ಕೇಳಿದಾಗ ಅಮ್ಮ ಅವರ ಮುಖ ನೋಡದೆ, “ಧಡಧಡ ಅಂತ ಬರೋನು. ಕೊನೇ ಎರಡು ಮೆಟ್ಟಿಲು ಒಂದೇ ಸಲಕ್ಕೆ ಹಾರೋನು” ಎಂದಳು. ಮೂರು ಭಾನುವಾರ ನಮ್ಮ ಮಹಡಿ ಮೆಟ್ಟಿಲ ಮೇಲೆ ಹತ್ತಿ ಇಳಿದು ಅಭ್ಯಾಸ ಮಾಡಿದರು. ನಾಲ್ಕನೆಯ ಭಾನುವಾರ ಅಮ್ಮ ಒಲೆಯ ಮುಂದಿದ್ದಳು, ನಾನು ತರಕಾರಿ ಹೆಚ್ಚುತ್ತಿದ್ದೆ. ಮೇಲಿನಿಂದ ಧಡಧಡ ಸದ್ದು ಇಳಿದು ಬಂತು, ಕೊನೆಗೆ ಒಂದೇ ಧಡ್.

“ಕೈಕಾಲು ತೊಳ್ಕೊಂಡು ಬಾರೋ, ಬಡಿಸ್ತೀನಿ” ಎಂದಳು ಅಮ್ಮ, ತಿರುಗದೆ.

ಆಮೇಲೆ ಅವಳ ಕೈಯ ಸೌಟು ಕೆಳಗೆ ಬಿತ್ತು. ಅಡುಗೆಮನೆಯ ಬಾಗಿಲಲ್ಲಿ ಅಣ್ಣನ ಶೂ ನಿಂತಿದ್ದವು, ಅವುಗಳೊಳಗೆ ಕಿವಿಯಣ್ಣನವರು ನಿಂತಿದ್ದರು. ಅಮ್ಮನಿಗೆ ಭ್ರಮೆ ಎನ್ನಲು ನನಗೆ ಸಾಧ್ಯವಿರಲಿಲ್ಲ, ಏಕೆಂದರೆ ನನಗೂ ಕೇಳಿಸಿದ್ದು ಅವನೇ.

ಮರುದಿನ ನ್ಯಾಯಾಲಯದ ಮೆಟ್ಟಿಲಲ್ಲಿ, ಪಿಸ್ತೂಲು ಎಡಕ್ಕೆ ಕಟ್ಟಿ, ಅದೇ ನಡಿಗೆಯಲ್ಲಿ ಇಳಿದರು. ಕೊನೆಯ ಎರಡು ಮೆಟ್ಟಿಲು ಹಾರುವಾಗ ಮೆಟ್ಟಿಲ ಪಕ್ಕದ ಕಟಕಟೆಯ ತುದಿಯ ಹಿತ್ತಾಳೆ ಗುಬುಟು ಸರಿಯಾಗಿ ಬಟನ್ನಿಗೆ ತಾಗಿತು. ಮ್ಯಾಗಜಿನ್ ತಕ್ಷಣ ಬೀಳಲಿಲ್ಲ. ಬೆರಳಗಲ ಜಾರಿ, ನ್ಯಾಯಾಲಯದ ಬಂದೋಬಸ್ತಿಗೆ ನಾವೆಲ್ಲ ತೊಡುವ ಕೋಟಿನ ಅಂಚಿಗೆ ಸಿಕ್ಕಿಕೊಂಡು ನಾಲ್ಕು ಹೆಜ್ಜೆ ಜೊತೆಗೇ ಬಂತು. ಬಾಗಿಲಲ್ಲಿ ಕೋಟು ಸರಿದಾಗ ಅದೇ ಕಲ್ಲಿನ ಮೇಲೆ ಟಕ್ಕೆಂದಿತು. ಹನ್ನೆರಡು ಸಲ ಇಳಿದರೆ ಒಂಬತ್ತು ಸಲ ಹಾಗೆಯೇ ಆಯಿತು. ನಾನೂ ಅಣ್ಣನಂತೆಯೇ ಕೊನೆಯ ಎರಡು ಮೆಟ್ಟಿಲು ಹಾರುತ್ತೇನೆಂದು ನನಗೆ ತಿಳಿದದ್ದು ಅಂದೇ. ಕಾರಣ ಗೊತ್ತಾದ ಮೇಲೂ ಆ ಬಾಗಿಲು ದಾಟುವಾಗ ನಾನು ಒಮ್ಮೆ ಹಿಂದೆ ನೋಡುತ್ತೇನೆ.

“ನಿವೃತ್ತಿಗೆ ಹತ್ತು ತಿಂಗಳಿದೆ, ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ತೀರಿ?” ಎಂದು ಮೇಲಧಿಕಾರಿಗಳು ಹೇಳಿನೋಡಿದರು. ಕಿವಿಯಣ್ಣನವರು ಬರೆದುಕೊಟ್ಟರು: ‘ನನ್ನ ಹಿಂದಿನ ವರದಿ ತಪ್ಪು. ತಪ್ಪು ನನ್ನದು, ಆಯುಧ ಹೊತ್ತವನದಲ್ಲ.’ ಅಣ್ಣನ ಮೇಲಿನ ಮಾತನ್ನು ಇಲಾಖೆ ಹಿಂದಕ್ಕೆ ಪಡೆಯಿತು, ಎಡಗೈಯವರಿಗೆಲ್ಲ ಬಟನ್ ಮುಚ್ಚುವ ಹೊಸ ಚರ್ಮದ ಚೀಲ ಬಂತು, ಅವರ ಸೇವಾ ಪುಸ್ತಕದಲ್ಲಿ ಒಂದು ಕಪ್ಪು ಸಾಲು ಕೂತಿತು. ಈ ಸಂಗತಿಯನ್ನು ಅವರಿಗೆ ಅರ್ಪಿಸುತ್ತಿರುವ ಈ ಅಭಿನಂದನ ಗ್ರಂಥದಿಂದ ಬಿಡಬಹುದಲ್ಲ ಎಂದು ಸಂಪಾದಕರು ಸೂಚಿಸಿದಾಗ, ಅದಿಲ್ಲದಿದ್ದರೆ ಗ್ರಂಥವೇ ಬೇಡವೆಂದು ಖಡಾಖಂಡಿತವಾಗಿ ಹೇಳಿದವರೂ ಅವರೇ.

ವರದಿ ಕೊಟ್ಟ ಸಂಜೆ ಮನೆಗೆ ಬಂದರು. ಎಷ್ಟು ಹೇಳಿದರೂ ಕೂರಲಿಲ್ಲ. “ತಾಯಿ, ನಾನು ತಪ್ಪು ಬರೆದಿದ್ದೆ. ನಿಮ್ಮ ಮಗ ಏನೂ ಒತ್ತಿರ್ಲಿಲ್ಲ.”

ಅಮ್ಮ ಕೇಳಿದ್ದು ಒಂದೇ. “ಖಾಲಿ ಆಗಿದೆ ಅಂತ ಅವನಿಗೆ ಗೊತ್ತಾಯ್ತಾ?”

ಇಲ್ಲ ಎಂದುಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

“ಗೊತ್ತಾಗಿರುತ್ತೆ ತಾಯಿ. ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿರುತ್ತೆ, ಕೈಗೆ ಹಗುರ ಅನ್ಸಿರುತ್ತೆ” ಎಂದರು ಅವರು. “ಬಾಗಿಲು ಹಿಂದೆ ತೆಗೆದೇ ಇತ್ತು. ಒಳಗೆ ಓಡಿಹೋಗಬಹುದಿತ್ತು. ನಿಮ್ಮ ಮಗ ಬಿದ್ದಿದ್ದು ಬಾಗಿಲಿಂದ ಆರು ಹೆಜ್ಜೆ ಮುಂದೆ, ಸಾಕ್ಷಿದಾರನ ಮೇಲೆ. ಮಹಜರಿನ ನಕ್ಷೆ ಇಟ್ಕೊಂಡು ಮೊನ್ನೆ ನಾನೇ ಅಳೆದೆ.”

ಅಮ್ಮ ಎದ್ದು ಹೋಗಿ ಪೆಟ್ಟಿಗೆ ತೆಗೆದಳು.

ಪೂಜ್ಯರು ಆರೋಗ್ಯದಿಂದ ನೂರ್ಕಾಲ ಬಾಳಲಿ, ತರಬೇತಿ ಶಾಲೆಗೆ ವಾರಕ್ಕೆರಡು ದಿನ ಬರುವುದಾಗಿ ಕೊಟ್ಟ ಮಾತು ಉಳಿಸಿಕೊಳ್ಳಲಿ ಎಂದು ಶಿಷ್ಯವರ್ಗದ ಪರವಾಗಿ ಹಾರೈಸುತ್ತೇನೆ. ಈ ಲೇಖನವನ್ನು ಓದಿ ಹೇಳಿದಾಗ ಅಮ್ಮ, ತನ್ನದೂ ಒಂದು ಸಾಲು ಸೇರಿಸು ಎಂದಳು. ಅವಳ ಮಾತಿನಲ್ಲೇ ಬರೆಯುತ್ತಿದ್ದೇನೆ: “ನನ್ನ ಮಗನಿಗೆ ಉಳಿದಿದ್ದ ಆಯಸ್ಸೆಲ್ಲ ಇವರಿಗಿರಲಿ.”