ಜಗುಲಿಗೆ ಹಾಕಿದ ಬೆಂಚುಗಳು

ಚರ್ಚಿನ ಶಾಲೆಯ ಆಯಾ, ಗಂಡ ತೀರಿಕೊಂಡ ವರ್ಷವೇ ಆ ಕೆಲಸಕ್ಕೆ ಸೇರಿದವಳು. ಮಕ್ಕಳ ಮೂಗು ಒರೆಸಿ, ಅಂಗಿಯ ಗುಂಡಿ ಹಾಕಿ, ಜಗಳ ಬಿಡಿಸುತ್ತಲೇ ಕೂದಲು ನೆರೆತಿತ್ತು. ಸ್ವಂತ ಮಕ್ಕಳಿಲ್ಲದ ಕೊರಗನ್ನು ಶಾಲೆಯ ಗಲಾಟೆ ಮುಚ್ಚಿಹಾಕಿತ್ತು. ಬೆಳಿಗ್ಗೆ ಬೆಂಚು ಒರೆಸುವಾಗ ಅದರ ಅಡಿಗೂ ಕೈಯಾಡಿಸುತ್ತಿದ್ದಳು. ಎದ್ದ ಮೊಳೆಗೆ ಯಾವ ಮಗುವಿನ ಬಟ್ಟೆ ಸಿಕ್ಕೀತೋ ಎಂದು. "ಒತ್ತಿ ಕೂತ್ಕೊಳ್ರೋ, ಇನ್ನೊಬ್ರಿಗೆ ಜಾಗ ಬೇಡ್ವಾ?" ಎಂದು ದಿನಾ ಗದರುತ್ತಿದ್ದಳು.

ಈಚೆಗೆ ಹಾಗೆ ಗದರುವ ಪ್ರಮೇಯವೇ ಬರುತ್ತಿರಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ದೊಡ್ಡ ರಸ್ತೆಯ ಹೊಸ ಶಾಲೆಗೆ ಸೇರಿದರು. ಅದೇ ಹೊತ್ತಿಗೆ ಚರ್ಚಿನ ಚಾವಣಿಯೂ ಸೋರತೊಡಗಿತು. ಈ ಸಲದ ಬಜೆಟ್ಟಿನಲ್ಲಿ ಚಾವಣಿ, ಶಾಲೆ ಎರಡನ್ನೂ ನೋಡಿಕೊಳ್ಳುವುದು ಆಗದ ಮಾತು ಎಂದು ಫಾದರ್ ಪ್ರಾರ್ಥನೆಯ ಕೊನೆಗೆ ಹೇಳಿದರು. ತೀರ್ಮಾನಕ್ಕೆ ಮೊದಲು ಸಮಿತಿಯವರು ಬಂದು ನೋಡುವುದೆಂದಾಯಿತು.

ಆಯಾಗೆ ಖಾಲಿ ಬೆಂಚುಗಳ ಕೋಣೆ ಹಲ್ಲು ಉದುರಿದ ಬಾಯಿಯ ಹಾಗೆ ಕಾಣುತ್ತಿತ್ತು. ಸಮಿತಿಯವರು ಬರುವ ಹಿಂದಿನ ಸಂಜೆ ಕಾವಲುಗಾರನನ್ನು ಕರೆದಳು.

"ಬಾರೋ ತಮ್ಮ, ಒಂದು ಕೈ ಹಿಡಿ. ಹೆಚ್ಚಿನ ಬೆಂಚೆಲ್ಲ ಹೊರಗೆ ಹಾಕೋಣ."

"ಈ ವಯಸ್ಸಲ್ಲಿ ನಿನಗ್ಯಾಕಕ್ಕಾ ಪೈಲ್ವಾನಗಿರಿ?"

"ಬಾಯಿ ಮುಚ್ಕೊಂಡು ಆ ಕಡೆ ಎತ್ತು."

ಬೆಂಚುಗಳನ್ನು ಚರ್ಚಿನ ಹಿಂದಿನ ಜಗುಲಿಯಲ್ಲಿ ಒಂದರ ಮೇಲೊಂದು ಪೇರಿಸಿದರು. ಉಳಿದವನ್ನು ಹತ್ತಿರ ಎಳೆದು, ಬೆಳಿಗ್ಗೆ ಮಕ್ಕಳನ್ನು ಒತ್ತಿ ಕೂರಿಸಿದಾಗ ಕೋಣೆ ಮೊದಲಿನಂತೆ ಗಿಜಿಗುಟ್ಟಿತು.

ಸಮಿತಿಯವರು ಬಂದರು. ಅವರಲ್ಲಿ ಖಜಾಂಚಿ ಇದೇ ಶಾಲೆಯಲ್ಲಿ ಓದಿದವನು. ಮೊದಲ ದಿನವೆಲ್ಲ ಅವಳ ಕೈ ಬಿಡದೆ ಅತ್ತವನು.

"ಪರವಾಗಿಲ್ವೇ ಆಯಮ್ಮಾ, ಕ್ಲಾಸು ತುಂಬಿದೆಯಲ್ಲ!"

"ನೀನು ಕೂತ ಜಾಗ ಇನ್ನೂ ಒಣಗಿಲ್ಲ ಕಣಪ್ಪ, ಹಾಗೆ ಅತ್ತಿದ್ದೆ."

ಫಾದರ್ ಕೂಡ ನಕ್ಕರು. ಅವಳ ಎದೆ ಹಗುರಾಯಿತು.

ಆಮೇಲೆ ಅವರು ಸೋರುವ ಜಾಗ ನೋಡಲು ಹಿಂದಿನ ಜಗುಲಿಯ ಕಡೆ ಹೊರಟರು. ಅವಳು ಅವರ ಹಿಂದೆಯೇ ಧಾವಿಸಿದಳು. ತಲೆಯ ತುಂಬ ಶಾಲೆಯೇ ಇದ್ದವಳಿಗೆ, ಬಂದವರು ಚಾವಣಿಯನ್ನೂ ನೋಡುತ್ತಾರೆಂಬುದು ಹೊಳೆದೇ ಇರಲಿಲ್ಲ. ರಾತ್ರಿಯ ಮಳೆಗೆ ಬೆಂಚುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇದೇನು ಆಯಮ್ಮಾ, ಇಷ್ಟೊಂದು ಬೆಂಚು ಇಲ್ಲಿ?" ಎಂದ ಖಜಾಂಚಿ.

ಸುಳ್ಳು ನಾಲಿಗೆಯ ತುದಿಗೆ ಬಂತು. ಚರ್ಚಿನ ಗೋಡೆ ನೋಡಿ ನುಂಗಿಕೊಂಡಳು.

"ಕೂರೋರಿಲ್ಲ ಕಣಪ್ಪ. ನಾನೇ ಹಾಕಿಸ್ದೆ."

ಅವನು ಬೈಯಲಿಲ್ಲ. ಬೈದಿದ್ದರೆ ಒಂದೆರಡು ಮಾತು ವಾದಿಸಬಹುದಿತ್ತು. ಫಾದರ್ ಮೇಲಿನ ಬೆಂಚಿನ ನೀರನ್ನು ಕೈಯಿಂದ ಸವರಿ, "ಮರ ಗಟ್ಟಿಯಾಗಿದೆ," ಎಂದಷ್ಟೇ ಹೇಳಿದರು.

ದುಡ್ಡು ಚಾವಣಿಗೆ ಹೋಯಿತು. ರಜೆಗೆಂದು ಮುಚ್ಚಿದ ಶಾಲೆ ಮತ್ತೆ ತೆರೆಯಲಿಲ್ಲ. ಬೆಂಚುಗಳು ಚರ್ಚಿನೊಳಗೆ ಬಂದವು. ಅವನ್ನು ಒರೆಸುವ ಕೆಲಸವನ್ನು ಆಯಾಗೇ ಕೊಟ್ಟರು. ಅಡಿಗೆ ಕೈಯಾಡಿಸುವುದನ್ನು ಅವಳು ಬಿಡಲಿಲ್ಲ.

ಒಂದು ಭಾನುವಾರ ಖಜಾಂಚಿ ಶಾಲೆಯ ಆ ಪುಟ್ಟ ಬೆಂಚೊಂದರ ನಡುವೆ ಮೊಣಕಾಲು ಮಡಚಿ ಕೂತಿದ್ದ. ಜಾಗ ಹುಡುಕುತ್ತ ಬಂದ ಆಯಾ, ಹಳೆಯ ರೂಢಿಯಲ್ಲಿ, "ಒತ್ತಿ ಕೂತ್ಕೊಳ್ಳೋ," ಎಂದುಬಿಟ್ಟಳು. ಅವನು ತಲೆ ಎತ್ತದೆ ತುದಿಗೆ ಸರಿದ. ಅವಳು ಈ ತುದಿಯಲ್ಲಿ ಕೂತಳು. ನಡುವೆ ಇನ್ನೊಂದು ಮಗು ಕೂರುವಷ್ಟು ಜಾಗ ಹಾಗೆಯೇ ಉಳಿಯಿತು.