ಒಂದು ಜೊತೆ ಎತ್ತು, ಎರಡು ಮನೆ

ನಿವೃತ್ತನಾಗುವವರೆಗೂ ರಸಾಯನಶಾಸ್ತ್ರ ಕಲಿಸಿದವನು ನಾನು. ಆದರೂ ಬೋರ್ಡಿನ ಮೇಲೆ ಎರಡು ಕ್ಲೋರಿನ್ ಪರಮಾಣುಗಳನ್ನು ಅಕ್ಕಪಕ್ಕ ಬರೆದು ನಡುವೆ ಎರಡು ಚುಕ್ಕೆ ಇಟ್ಟಾಗಲೆಲ್ಲ ನನಗೆ ಕಾಣುತ್ತಿದ್ದುದು ಎಲೆಕ್ಟ್ರಾನುಗಳಲ್ಲ, ಎತ್ತುಗಳು. ಒಮ್ಮೆ ಮೈಮರೆತು ಚುಕ್ಕೆಗಳಿಗೆ ಕೋಡನ್ನೂ ಬರೆದುಬಿಟ್ಟೆ. ಮಕ್ಕಳು ಅದನ್ನು ಶ್ರದ್ಧೆಯಿಂದ ಕಾಪಿ ಮಾಡಿಕೊಂಡರು.

ತಪ್ಪು ನನ್ನದಲ್ಲ, ಹೊಸನಗರದ ಕಡೆಯ ನಮ್ಮ ಊರಿನದು. ಐವತ್ತರ ದಶಕದಲ್ಲಿ ನಮ್ಮ ಮನೆಯಲ್ಲಿದ್ದುದು ಒಂದೇ ಎತ್ತು, ಕೆಂದ. ಪಕ್ಕದ ಮನೆಯ ಕೆರಿಯಣ್ಣನಿಗೂ ಒಂದೇ, ಬಿಳಿಯ. ಒಂಟಿ ಎತ್ತಿನಿಂದ ಉಳುಮೆ ಆಗುವುದಿಲ್ಲವಲ್ಲ, ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ಒಂದು ದಿನ ನಮ್ಮ ಗದ್ದೆ, ಮರುದಿನ ಅವರ ಗದ್ದೆ ಉಳುತ್ತಿದ್ದರು. ಯಾರಾದರೂ ಕೇಳಿದರೆ ಎರಡೂ ಮನೆಯವರು ‘ನಮ್ಮಲ್ಲಿ ಒಂದು ಜೊತೆ ಎತ್ತು’ ಎನ್ನುತ್ತಿದ್ದರು. ಅದು ಸುಳ್ಳೆಂದು ಯಾರಿಗೂ ಅನಿಸಿರಲಿಲ್ಲ.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತದೆ, ಊರು ಮುಳುಗುತ್ತದೆ ಎಂದಾದ ಮೇಲೆ ಆಸ್ತಿಪಾಸ್ತಿ ಬರೆದುಕೊಳ್ಳಲು ಗುಮಾಸ್ತರೊಬ್ಬರು ಬಂದರು. ನಮ್ಮ ಹೆಸರಿಗೊಂದು ಜೊತೆ, ಕೆರಿಯಣ್ಣನ ಹೆಸರಿಗೊಂದು ಜೊತೆ ಬರೆದುಕೊಂಡು ಕೊಟ್ಟಿಗೆಗೆ ಹೋದರೆ ಅಲ್ಲಿರುವುದು ಎರಡೇ ಎತ್ತು!

“ಉಳಿದವೆರಡು ಎಲ್ರೀ?”

“ಇವೇ ಸ್ವಾಮಿ. ನಮ್ದೂ ಇವೇ, ಅವ್ರದೂ ಇವೇ,” ಎಂದ ಅಪ್ಪ.

ಗುಮಾಸ್ತರು ಪೆನ್ನಿನ ಮುಚ್ಚಳ ಹಾಕಿ, ಕುಡಿಯಲು ನೀರು ಕೇಳಿದರು.

ನಾನಾಗ ಸಾಗರದಲ್ಲಿ ನೆಂಟರ ಮನೆಯಲ್ಲಿದ್ದುಕೊಂಡು ಹೈಸ್ಕೂಲಿನ ಕೊನೆಯ ವರ್ಷ ಓದುತ್ತಿದ್ದೆ. ರಸಾಯನಶಾಸ್ತ್ರವೆಂದರೆ ತಲೆನೋವು. ಗುಮಾಸ್ತರು ಬಂದಾಗ ರಜೆಗೆ ಊರಲ್ಲಿದ್ದೆ, ಮುಗಿಸಿ ಹೋದಾಗ ಮೇಷ್ಟ್ರು ಪರಮಾಣುಗಳ ಬಂಧ ಶುರುಮಾಡಿದ್ದರು. ಕ್ಲೋರಿನ್ನಿಗೆ ಹೊರಸುತ್ತಿನಲ್ಲಿ ಏಳು ಎಲೆಕ್ಟ್ರಾನು, ಎಂಟಾದರೆ ಅದಕ್ಕೆ ನೆಮ್ಮದಿ. ಎರಡು ಕ್ಲೋರಿನ್ನುಗಳು ತಲಾ ಒಂದನ್ನು ನಡುವೆ ಇಟ್ಟು, ಆ ಜೋಡಿಯನ್ನು ಎರಡೂ ತಮ್ಮದೆಂದೇ ಎಣಿಸಿಕೊಳ್ಳುತ್ತವೆ. ಇರುವುದು ಒಟ್ಟು ಹದಿನಾಲ್ಕು, ಆದರೆ ಎರಡಕ್ಕೂ ಎಂಟೆಂಟು! ಇಡೀ ತರಗತಿ ತಲೆ ಕೆರೆದುಕೊಂಡಿತು. ಗುಮಾಸ್ತರ ಮುಖ ನೆನೆದು ನಾನೊಬ್ಬನೇ ನಕ್ಕೆ. ಮೊದಲ ಬಾರಿಗೆ ಆ ಶಾಸ್ತ್ರ ನನಗೆ ಅರ್ಥವಾಗಿತ್ತು.

ಅರ್ಥವಾದ ಹೊತ್ತಿಗೇ ಓದು ನಿಲ್ಲುವ ಹಾಗಾಯಿತು. ನಮಗೆ ಸಾಗರದ ಕಡೆ ಕಾಡು ಕಡಿದ ಹೊಸ ನೆಲ ಸಿಕ್ಕಿತು. ಕೆರಿಯಣ್ಣ ತೀರ್ಥಹಳ್ಳಿ ಹತ್ತಿರದ ಹೆಂಡತಿಯ ತವರಿಗೆ ಹೊರಟ. ಎತ್ತಿನ ಜೊತೆ ಒಡೆದರೆ ನೆಲವನ್ನೆಲ್ಲ ಗುದ್ದಲಿಯಲ್ಲೇ ಅಗೆಯಬೇಕು, ಅದಕ್ಕೆ ನನ್ನ ಕೈಯೂ ಬೇಕು. “ಓದಿದ್ದು ಸಾಕು ಮಾರಾಯ, ಬಂದ್ಬಿಡು,” ಎಂದ ಅಪ್ಪ, ನನ್ನ ಮುಖ ನೋಡದೆ.

ಊರು ಬಿಡುವ ದಿನ ಕೆರಿಯಣ್ಣ ಬಿಳಿಯನನ್ನು ತಂದು ನಮ್ಮ ಗಾಡಿಗೇ ಕಟ್ಟಿದ. “ಅಲ್ಲಿ ಭಾವನ ಮನೇಲಿ ಎತ್ತಿದಾವೆ. ಇವನ್ನ ಹೊಡ್ಕಂಡ್ ಹೋಗಿ ನಾ ಎಂತ ಮಾಡ್ಲಿ? ಹುಡುಗ ಓದ್ಲಿ,” ಎಂದ.

ಪರಮಾಣುಗಳಲ್ಲೂ ಹೀಗೆ ಕೊಟ್ಟೇಬಿಡುವವು ಉಂಟು. ಸೋಡಿಯಂ ತನ್ನ ಹೊರಸುತ್ತಿನ ಒಂಟಿ ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಕೊಡುತ್ತದೆ, ಕೊಟ್ಟದ್ದೂ ಪಡೆದದ್ದೂ ಒಂದನ್ನೊಂದು ಸೆಳೆದುಕೊಂಡು ನಮ್ಮ ಊಟದ ಉಪ್ಪಾಗುತ್ತವೆ. ಕೊಟ್ಟ ಸೋಡಿಯಂಗೆ ನಷ್ಟವಿಲ್ಲ, ಅದರ ಒಳಸುತ್ತು ಭರ್ತಿಯಾಗಿಯೇ ಇರುತ್ತದೆ. ಕೆರಿಯಣ್ಣನದೂ ಹಾಗೇ ಎಂದುಕೊಂಡು ನೆಮ್ಮದಿಯಿಂದ ಪರೀಕ್ಷೆ ಬರೆದೆ. ಪಾಸಾದ ಸುದ್ದಿ ಹೇಳಲು ತೀರ್ಥಹಳ್ಳಿ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಗಂಡ ಹೆಂಡತಿ ಇಬ್ಬರೂ ಗುದ್ದಲಿ ಹಿಡಿದು ಗದ್ದೆ ಅಗೆಯುತ್ತಿದ್ದರು. ಭಾವನ ಕೊಟ್ಟಿಗೆಯಲ್ಲಿ ಒಂದು ಎಮ್ಮೆ ಬಿಟ್ಟರೆ ಏನೂ ಇರಲಿಲ್ಲ.

“ಬಂದ್ಯಾ? ಪಾಸಾಯ್ತಾ? ಬಿಳಿಯ ಮೇವು ತಿಂತಾನಾ?” ಎಂದು ಕೆರಿಯಣ್ಣ ಒಂದೇ ಉಸಿರಿಗೆ ಕೇಳಿದ.

ಬಿಳಿಯನನ್ನು ತಂದು ಬಿಡುತ್ತೇನೆ ಎಂದೆ. ಅವನಿಗೆ ಸಿಟ್ಟೇ ಬಂತು. “ಒಬ್ಬನ್ನ ತಂದ್ರೆ ಎಲ್ಡೂ ಮನೆ ಉಳುಮೆ ಕೆಡ್ತದೆ. ನಿಮ್ದು ಮುಗಿದ್ಮೇಲೆ ಇಬ್ರನ್ನೂ ಹೊಡ್ಕಂಬನ್ನಿ!”

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಮರುವರ್ಷದಿಂದ ಅಪ್ಪ, ನಮ್ಮ ಉಳುಮೆ ಮುಗಿದದ್ದೇ ತಡ, ಕೆಂದನನ್ನೂ ಬಿಳಿಯನನ್ನೂ ಹೊಡೆದುಕೊಂಡು ಹೊಸನಗರದ ದಾರಿಯಲ್ಲಿ ತೀರ್ಥಹಳ್ಳಿಗೆ ನಡೆದೇ ಹೋಗುತ್ತಿದ್ದ. ನಾನು ಕಾಲೇಜು ಸೇರಿ, ಮೇಷ್ಟ್ರಾಗಿ, ಇಂದು ಉಣ್ಣುತ್ತಿರುವ ಅನ್ನ ಆ ನಡಿಗೆಯದು.

ಪರಮಾಣುಗಳನ್ನು ಎಳೆದು ದೂರ ಮಾಡಿದರೆ ಬಂಧ ಕಳಚುತ್ತದೆ ಎಂದು ಪುಸ್ತಕದಲ್ಲಿದೆ. ಪುಣ್ಯಕ್ಕೆ ಅಪ್ಪನಾಗಲಿ ಕೆರಿಯಣ್ಣನಾಗಲಿ ಆ ಪುಸ್ತಕ ಓದಿರಲಿಲ್ಲ.